ಬಾವಿಯ ಈಜುಗಾರನಿಗೆ ಪುಟ್ಟ ಸ್ಕೂಬಾ ಸಿಲಿಂಡರ್ ಬೇಡ

ಕೊಹೀರ್‌ನ ಓದುಗರೊಬ್ಬರ ಪ್ರಶ್ನೆ ಇದು: 'ನಮ್ಮ ಪೇರಲ ತೋಟದ ಬಾವಿಯಲ್ಲಿ ಪಂಪಿನ ಪೈಪಿನ ತುದಿಯ ಫುಟ್‌ವಾಲ್ವ್‌ಗೆ ಕಸ ಸಿಕ್ಕಾಗಲೆಲ್ಲ ಮಗ ಉಸಿರು ಬಿಗಿಹಿಡಿದು ಮುಳುಗಿ ಬಿಡಿಸುತ್ತಾನೆ. ಈಗ ಅರ್ಧ ಲೀಟರಿನ ಸ್ಕೂಬಾ ಸಿಲಿಂಡರ್ ಆನ್‌ಲೈನಿನಲ್ಲಿ ಸಿಗುತ್ತದೆ, ಕೈಪಂಪಿನಲ್ಲೇ ಗಾಳಿ ತುಂಬಬಹುದಂತೆ. ಹುಡುಗ ಒಳ್ಳೆಯ ಈಜುಗಾರ, ಇರುವುದು ಮೂರಾಳು ನೀರು. ತರಿಸಿಕೊಡಲೇ?'

ದಯವಿಟ್ಟು ತರಿಸಬೇಡಿ. ಒಳ್ಳೆಯ ಈಜುಗಾರ ಎಂಬುದು, ನೀರು ಮೂರೇ ಆಳು ಎಂಬುದು ನಿಮಗೆ ಧೈರ್ಯ ಕೊಟ್ಟಿರಬಹುದು. ನನಗೆ ಹೆದರಿಕೆ ಹುಟ್ಟಿಸಿದ್ದು ಅವೆರಡೇ.

ದಂಡೆಯ ಮೇಲೆ ಉಸಿರು ತುಂಬಿಕೊಂಡು ಧುಮುಕಿದವನ ಎದೆಯಲ್ಲಿರುವುದು ಮೇಲಿನ ಗಾಳಿ. ಕೆಳಗಿಳಿದಂತೆ ಅದು ಕುಗ್ಗುತ್ತದೆ, ಮೇಲೆ ಬಂದರೆ ಮೊದಲಿನಷ್ಟೇ ಆಗುತ್ತದೆ, ಅದಕ್ಕಿಂತ ಹೆಚ್ಚು ಹಿಗ್ಗುವುದಿಲ್ಲ. ಒತ್ತಡ ಏರಿದರೆ ಗಾಳಿಯ ಗಾತ್ರ ಇಳಿಯುತ್ತದೆಂದು ರಾಬರ್ಟ್ ಬಾಯ್ಲ್ 1662ರಲ್ಲೇ ಪ್ರಕಟಿಸಿದ್ದ. ಆದರೆ ಸಿಲಿಂಡರ್ ಕೊಡುವ ಗಾಳಿಯ ಲೆಕ್ಕ ಬೇರೆ. 1943ರಲ್ಲಿ ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾನ್ ರೂಪಿಸಿದ, ಸಿಲಿಂಡರಿಗೂ ಬಾಯಿಗೂ ನಡುವಿನ ರೆಗ್ಯುಲೇಟರಿನ ಜಾಣ್ಮೆಯೇ ಅದು: ಸುತ್ತಲಿನ ನೀರಿಗೆ ಎಷ್ಟು ಒತ್ತಡವಿದೆಯೋ ಅಷ್ಟೇ ಒತ್ತಡದಲ್ಲಿ ಗಾಳಿ ಬಾಯಿಗೆ ಬರುತ್ತದೆ. ಮೂರಾಳು, ಅಂದರೆ ಸುಮಾರು 5 ಮೀಟರ್ ಕೆಳಗೆ, ಒತ್ತಡ ಮೇಲಿನದರ ಒಂದೂವರೆ ಪಟ್ಟು. ಅಲ್ಲಿ ಎದೆತುಂಬ ಎಳೆದುಕೊಂಡ 6 ಲೀಟರ್ ಗಾಳಿಗೆ ಮೇಲೆ ಬಂದಾಗ 9 ಲೀಟರಿನಷ್ಟು ಜಾಗ ಬೇಕು.

ಉಸಿರು ಬಿಡುತ್ತಾ ನಿಧಾನವಾಗಿ ಮೇಲೇರಿದರೆ ಹೆಚ್ಚಾದ ಗಾಳಿ ಹೊರಟುಹೋಗುತ್ತದೆ. ಬಿಗಿಹಿಡಿದರೆ? ಕುಕ್ಕರಿನ ಸೀಟಿಯ ತೂತಿಗೆ ಬೇಳೆ ಸಿಕ್ಕಿಕೊಂಡಂತೆ. ಒಲೆ ಉರಿಯುತ್ತಲೇ ಇದೆ, ಹಬೆಗೆ ದಾರಿಯಿಲ್ಲ. ಕುಕ್ಕರಿಗಾದರೆ ಸೇಫ್ಟಿ ವಾಲ್ವ್ ಉಂಟು, ಅದು ಕರಗಿ ಮನೆಯವರನ್ನು ಕಾಯುತ್ತದೆ. ಶ್ವಾಸಕೋಶಕ್ಕಿರುವುದು ಗಂಟಲಿನ ದಾರಿಯೊಂದೇ, ಅದನ್ನು ಹುಡುಗ ತಾನೇ ಮುಚ್ಚಿಕೊಂಡಿದ್ದಾನೆ. ಒಳಗಿನ ತೆಳು ಗಾಳಿಗೂಡುಗಳು ಹರಿದು, ಗುಳ್ಳೆಗಳು ರಕ್ತಕ್ಕೆ ನುಗ್ಗಿ, ಮಿದುಳಿನ ನಾಳಗಳಲ್ಲಿ ಅಡ್ಡ ನಿಲ್ಲುತ್ತವೆ. ಉಸಿರು ಬಿಗಿಹಿಡಿಯುವುದೇ ಬಾವಿಯ ಈಜುಗಾರ ಎಳವೆಯಿಂದ ಮೈಗೂಡಿಸಿಕೊಂಡ ವಿದ್ಯೆ. ಇಷ್ಟು ವರ್ಷ ಅವನನ್ನು ಕಾಪಾಡಿದ ಆ ವಿದ್ಯೆಯೇ ಸಿಲಿಂಡರಿನಿಂದ ಒಂದು ಉಸಿರು ಎಳೆದ ಕ್ಷಣದಿಂದ ಅವನಿಗೆ ಮುಳುವಾಗುತ್ತದೆ.

ಆಳ ಕಡಿಮೆಯಿದ್ದರೆ ಅಪಾಯವೂ ಕಡಿಮೆ ಎನ್ನುವಂತಿಲ್ಲ. ತುಂಬಿದ ಶ್ವಾಸಕೋಶ ಹರಿಯಲು ಸುಮಾರು ಒಂದು ಮೀಟರ್ ನೀರಿನ ವ್ಯತ್ಯಾಸ ಸಾಕು. ಸಮುದ್ರಕ್ಕೆ ಬಿದ್ದ ಹೆಲಿಕಾಪ್ಟರಿನಿಂದ ಪಾರಾಗಲೆಂದು ಸೇನಾ ಸಿಬ್ಬಂದಿಗೆ ಇಂಥದ್ದೇ ಪುಟ್ಟ ಸಿಲಿಂಡರ್ ಕೊಡುವ ಪದ್ಧತಿ ಹಲವು ದೇಶಗಳಲ್ಲಿದೆ. ಅದರ ತರಬೇತಿಯಲ್ಲಿ ಕೇವಲ 1 ಮೀಟರ್ ಮೇಲೆದ್ದವರೊಬ್ಬರ ರಕ್ತಕ್ಕೆ ಗಾಳಿ ನುಗ್ಗಿದ್ದು 1996ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿಯಾಯಿತು. ತರಬೇತುದಾರರ ಕಣ್ಣೆದುರೇ ಹೀಗಾದರೆ, ತಳ ಕಾಣದ ಕೆಸರು ಬಾವಿಯಲ್ಲಿ ಒಬ್ಬಂಟಿ ಹುಡುಗನ ಗತಿಯೇನು? ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾಗೆಂದು ಹೋಗುವ ಹೊಸಬರ ಜೊತೆಗೆ ತರಬೇತುದಾರ ನೀರಿಗಿಳಿಯುತ್ತಾನೆ. ಉಸಿರು ಹಿಡಿಯಬೇಡಿ ಎಂಬುದು ಅಲ್ಲಿಯ ಮೊದಲ ಪಾಠ. ಕೊರಿಯರ್‌ನಲ್ಲಿ ಬರುವ ಡಬ್ಬದಲ್ಲಿ ಆ ತರಬೇತುದಾರ ಇರುವುದಿಲ್ಲ.

'ಹತ್ತು ನಿಮಿಷ ಬಾಳುತ್ತದೆ' ಎಂಬ ಜಾಹೀರಾತನ್ನಂತೂ ನಾನು ನಂಬುವುದಿಲ್ಲ. ಅರ್ಧ ಲೀಟರಿಗೆ 200 ಬಾರ್ ಒತ್ತಡದಲ್ಲಿ ತುಂಬಿದರೆ ಸಿಗುವುದು 100 ಲೀಟರ್ ಗಾಳಿ. ಪಾನಾ ಹಿಡಿದು ಫುಟ್‌ವಾಲ್ವ್ ಜೊತೆ ಗುದ್ದಾಡುವವನಿಗೆ ನಿಮಿಷಕ್ಕೆ 40 ಲೀಟರ್ ಬೇಕಾದೀತು, 5 ಮೀಟರ್ ಕೆಳಗೆ ಅದು ಒಂದೂವರೆ ಪಟ್ಟಾಗಿ 60 ಲೀಟರ್. ಎರಡು ನಿಮಿಷ ತುಂಬುವ ಮೊದಲೇ ಸಿಲಿಂಡರ್ ಖಾಲಿ. ಕೊನೆಯ ಉಸಿರು ಸಿಕ್ಕಿದವನು ಗಾಬರಿಯಲ್ಲಿ ಏನು ಮಾಡುತ್ತಾನೆ? ಇದ್ದಷ್ಟನ್ನೂ ಬಿಗಿಹಿಡಿದು ಮೇಲಕ್ಕೆ ಚಿಮ್ಮುತ್ತಾನೆ.

ವೆಲ್ಡಿಂಗ್ ಅಂಗಡಿಯಲ್ಲಿ ಆಕ್ಸಿಜನ್ ತುಂಬಿಸಿದರಾಯಿತು ಎಂದೂ ಯಾರಾದರೂ ಹೇಳಿಯಾರು. ಸ್ಕೂಬಾ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಇರುವುದು ಆಮ್ಲಜನಕವಲ್ಲ, ಸೋಸಿದ ಬರೀ ಗಾಳಿ. ಶುದ್ಧ ಆಮ್ಲಜನಕವನ್ನು 6 ಮೀಟರಿಗಿಂತ ಕೆಳಗೆ ಉಸಿರಾಡಿದರೆ ಮೂರ್ಛೆರೋಗದಂತೆ ಸೆಳೆತ ಬರಬಹುದು, ನೀರಿನಡಿ ಅದು ಸಾವೇ ಸರಿ. ಹಾಗಾದರೆ ದಾರಿ? ಯಾರೂ ನೀರಿಗಿಳಿಯದೆ ಫುಟ್‌ವಾಲ್ವ್ ಸರಿಮಾಡಲು ಹಗ್ಗ, ರಾಟೆ ಕಟ್ಟಿ ಪೈಪನ್ನೇ ಮೇಲೆತ್ತಿ.

ಈಗಾಗಲೇ ತರಿಸಿ ಬಳಸುತ್ತಿರುವ ನೆರೆಯವರಿದ್ದರೆ ಅವರಿಗೆ ಇಷ್ಟು ತಿಳಿಸಿ. ಮೇಲೆ ಬಂದವನು ಎದೆನೋವು ಎಂದರೆ, ರಕ್ತ ಕೆಮ್ಮಿದರೆ, ತೊದಲಿದರೆ, ಕೈಕಾಲು ಸೋತರೆ, ಎಚ್ಚರ ತಪ್ಪಿದರೆ ತಡಮಾಡದೆ 108ಕ್ಕೆ ಕರೆ ಮಾಡಿ. ನೆಟ್ಟಗೆ ಕೂರಿಸದೆ ಮಲಗಿಸಿ, ಉಸಿರು ನಿಂತಿದ್ದರೆ ಕೃತಕ ಉಸಿರಾಟ ಕೊಡಿ, ಆಂಬುಲೆನ್ಸಿನಲ್ಲಿ ಆಮ್ಲಜನಕ ಕೊಡಲು ಹೇಳಿ. ನೀರಿನಡಿ ಸಿಲಿಂಡರಿನಿಂದ ಉಸಿರಾಡಿದ್ದ ಎಂಬುದನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ತಿಳಿಸಿ. ಇಲ್ಲವಾದರೆ ನೀರು ಕುಡಿದವನೆಂದೇ ಉಪಚಾರ ನಡೆದೀತು. ಗುಳ್ಳೆಗಳನ್ನು ಕುಗ್ಗಿಸಲು ಬೇಕಾದದ್ದು ಒತ್ತಡದ ಕೋಣೆ. ಅದಕ್ಕೆ ಹೈದರಾಬಾದಿನಂಥ ದೊಡ್ಡ ಊರಿಗೇ ಒಯ್ಯಬೇಕು.