ಯಾವ ಧಾರಾವಾಹಿ ನೋಡೋಣ?

"ಬರುವ ಸೋಮವಾರದಿಂದ ಹೊಸ ಧಾರಾವಾಹಿ" ಎಂದು ಟಿ.ವಿ.ಯಲ್ಲಿ ಪ್ರಕಟಣೆ ಬಂದರೆ ಸಾಕು, ಮರುದಿನ ತರಗತಿಯಲ್ಲಿ ಅದರದೇ ಮಾತು. ಅಮೆರಿಕದಲ್ಲಿ ಹೊಸ ಕಾರ್ಯಕ್ರಮಗಳು ಹೆಚ್ಚಾಗಿ ಸೆಪ್ಟೆಂಬರಿನಿಂದ ಒಟ್ಟಾಗಿ ಆರಂಭವಾಗುವ ರೂಢಿಯಿದೆ. ನಮ್ಮಲ್ಲಿ ಅಂಥ ಕಾಲನಿಯಮವಿಲ್ಲ. ಯಾವ ಸೋಮವಾರವೂ ಹೊಸತೊಂದು ಬರಬಹುದು. ಕಾಸರಗೋಡಿನ ನಮಗಂತೂ ಕನ್ನಡದ್ದೂ ಉಂಟು, ಮಲಯಾಳದ್ದೂ ಉಂಟು. ಇವುಗಳಲ್ಲಿ ಯಾವುದನ್ನು ನೋಡುವುದು, ಯಾವುದನ್ನು ಬಿಡುವುದು? ಮಕ್ಕಳೂ ಹೆತ್ತವರೂ ಕೂಡಿ ಯೋಚಿಸಬೇಕಾದ ವಿಷಯವಿದು.

ಹಿಂದೆ ಈ ಕಷ್ಟವಿರಲಿಲ್ಲ. ನಮ್ಮ ದೇಶದಲ್ಲಿ ಟಿ.ವಿ. ಪ್ರಸಾರ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಆರಂಭವಾಯಿತು. ಬಹುಕಾಲ ದೂರದರ್ಶನವೊಂದೇ ಇತ್ತು. 1987ರ ಜನವರಿಯಲ್ಲಿ 'ರಾಮಾಯಣ' ಬಂದಾಗ ವಾರಕ್ಕೆ ಒಂದೇ ಕಂತು, ಅದೂ ಭಾನುವಾರ ಬೆಳಗ್ಗೆ. ಆ ದಶಕದಲ್ಲೇ ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ಬಂತು. ಅದರ ಅನೇಕ ಕಥೆಗಳು ಒಂದೊಂದೇ ಕಂತಿನಲ್ಲಿ ಮುಗಿಯುತ್ತಿದ್ದವು. 1994ರಲ್ಲಿ ಉದಯ ಟಿ.ವಿ. ಆರಂಭವಾಯಿತು. ಅನಂತರ ಚಾನೆಲುಗಳು ಹೆಚ್ಚಿದವು, ವಾರದ ಧಾರಾವಾಹಿ ದಿನದ ಧಾರಾವಾಹಿಯಾಯಿತು.

ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. ದಿನಕ್ಕೆ ಅರ್ಧ ಗಂಟೆಯಂತೆ ವಾರದಲ್ಲಿ ಆರು ದಿನ ಒಂದು ಧಾರಾವಾಹಿ ನೋಡಿದರೆ ವಾರಕ್ಕೆ 3 ಗಂಟೆ, ವರ್ಷಕ್ಕೆ 156 ಗಂಟೆ. ಮೂರು ಧಾರಾವಾಹಿಗಳಾದರೆ 468 ಗಂಟೆ. ದಿನಕ್ಕೆ 5 ಗಂಟೆಯ ಪಾಠವೆಂದು ಎಣಿಸಿದರೆ ಇದು 93 ಶಾಲಾದಿನಗಳಿಗೂ ಮಿಕ್ಕಿತು!

ಕಥೆಯನ್ನು ಏಕೆ ಇಷ್ಟು ಎಳೆಯುತ್ತಾರೆ? ಚಾನೆಲಿಗೆ ಹಣ ಬರುವುದು ಮುಖ್ಯವಾಗಿ ಜಾಹೀರಾತಿನಿಂದ. ನಿಯಮದಂತೆ ಗಂಟೆಗೆ 12 ನಿಮಿಷದವರೆಗೆ ಜಾಹೀರಾತು ತೋರಿಸಬಹುದು. ನೋಡುವವರು ಹೆಚ್ಚಾದಷ್ಟೂ ಜಾಹೀರಾತಿನ ದರ ಹೆಚ್ಚು. ನೋಡುಗರನ್ನು ಎಣಿಸಲು 'ಬಾರ್ಕ್' ಎಂಬ ಸಂಸ್ಥೆ ಆಯ್ದ ಸಾವಿರಾರು ಮನೆಗಳಲ್ಲಿ ಮೀಟರು ಇರಿಸಿದೆ. ಇದರ ಲೆಕ್ಕ 2015ರಿಂದ ಹೊರಬರುತ್ತಿದೆ. ಪ್ರಸಾರದ ಧ್ವನಿಯಲ್ಲಿ ನಮ್ಮ ಕಿವಿಗೆ ಕೇಳಿಸದ ಗುರುತೊಂದನ್ನು ಸೇರಿಸಿರುತ್ತಾರೆ. ಮೀಟರು ಅದನ್ನು ಹಿಡಿದು ಯಾವ ಚಾನೆಲೆಂದು ತಿಳಿಯುತ್ತದೆ. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಗುಂಡಿ. ನೋಡಲು ಕುಳಿತವರು ತಮ್ಮ ಗುಂಡಿಯನ್ನು ಒತ್ತಬೇಕು. ಈ ಲೆಕ್ಕವನ್ನೇ ಜನರು ಟಿ.ಆರ್.ಪಿ. ಎನ್ನುವುದು. ಎಷ್ಟು ಜನ ಎಷ್ಟು ಹೊತ್ತು ನೋಡಿದರೆಂದು ಅದು ಹೇಳುತ್ತದೆ; ನೋಡಿದವರಿಗೆ ಏನು ದಕ್ಕಿತೆಂದು ಹೇಳುವುದಿಲ್ಲ. ಅದನ್ನು ಅಳೆಯುವ ಮೀಟರು ನಾವೇ ಆಗಬೇಕು.

ಅಳೆಯುವುದು ಹೇಗೆ? ಹೊಸ ಧಾರಾವಾಹಿಯ ಮೊದಲ ಕಂತನ್ನು ನೋಡಿ ಮರುಳಾಗಬೇಡಿ. ಅದನ್ನು ವಿಶೇಷ ಖರ್ಚಿನಿಂದ ಅಲಂಕರಿಸಿರುತ್ತಾರೆ. ಒಂದು ವಾರ ನೋಡಿ, ಬಳಿಕ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಈ ವಾರ ಕಥೆ ಮುಂದೆ ಹೋಯಿತೇ, ಇದ್ದಲ್ಲೇ ಸುತ್ತಿತೇ? ಪಾತ್ರಗಳು ನಮ್ಮ ಸುತ್ತಲಿನ ಮನುಷ್ಯರಂತೆ ಇವೆಯೇ? ಆಡುವ ಭಾಷೆ ನಾವು ಕಲಿಯುವಂತಿದೆಯೇ? ಎರಡು ಕಂತು ತಪ್ಪಿದರೆ ನಿಜವಾಗಿ ನಷ್ಟವೇನಾದರೂ ಉಂಟೇ? ನಾಲ್ಕಕ್ಕೂ ತೃಪ್ತಿಕರ ಉತ್ತರ ಸಿಗದಿದ್ದರೆ ಬಿಟ್ಟುಬಿಡಿ.

ಹೆತ್ತವರಿಗೂ ಒಂದು ಮಾತು. ಒಮ್ಮೆ ಓಣಂ ಪರೀಕ್ಷೆಯಲ್ಲಿ ನನ್ನ ಮಗಳಿಗೆ ಗಣಿತದ ಅಂಕ ಕಡಿಮೆಯಾಯಿತು. ನಾನು ಗದರಿಸಿದೆ. ಅವಳು ಮೆಲ್ಲನೆ, "ಅಪ್ಪಾ, ಏಳರಿಂದ ಒಂಬತ್ತರವರೆಗೆ ಟಿ.ವಿ. ಹಾಕುವುದು ನಾನಲ್ಲ. ನಾನು ಓದಲು ಕೂರುವುದೂ ಅದೇ ಚಾವಡಿಯಲ್ಲಿ" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಆ ರಾತ್ರಿ ಎಲ್ಲರೂ ಕುಳಿತು ಮಾತಾಡಿದೆವು. ಅಜ್ಜಿಯ ಒಂದು ಧಾರಾವಾಹಿ ಉಳಿಯಿತು. ಅವರಿಗೆ ಸಂಜೆಯ ಜತೆ ಅದೊಂದೇ. ನನ್ನ ವಾರ್ತಾ ಚರ್ಚೆಗಳು ನಿಂತವು. ಹಾಗೆ ನೋಡಿದರೆ, ಅವು ನಿಂತದ್ದರಿಂದ ನನಗೆ ನಷ್ಟವೇನೂ ಆಗಲಿಲ್ಲ.

ಟಿ.ವಿ. ನಮ್ಮ ಶತ್ರುವಲ್ಲ. 2020ರಲ್ಲಿ ಶಾಲೆ ಮುಚ್ಚಿದಾಗ ಕೇರಳದ ಮಕ್ಕಳಿಗೆ 'ಫಸ್ಟ್ ಬೆಲ್' ಪಾಠಗಳನ್ನು ಮನೆಗೆ ತಂದದ್ದು ಅದೇ ಪೆಟ್ಟಿಗೆ. ಕನ್ನಡ ಮಾಧ್ಯಮದ ಮಕ್ಕಳಿಗೂ ಪಾಠಗಳು ಸಿದ್ಧವಾದವು. ದೂರದರ್ಶನದ ಚಂದನದಲ್ಲಿ 2002ರಲ್ಲಿ ಆರಂಭವಾದ ಡಾ. ನಾ. ಸೋಮೇಶ್ವರರ 'ಥಟ್ ಅಂತ ಹೇಳಿ' ಕಾರ್ಯಕ್ರಮದಲ್ಲಿ ಸರಿಯುತ್ತರಕ್ಕೆ ಬಹುಮಾನ ಕನ್ನಡ ಪುಸ್ತಕ. ಮನೆಮಂದಿಯೆಲ್ಲ ಉತ್ತರ ಹೇಳುತ್ತಾ ನೋಡಬಹುದಾದ ಕಾರ್ಯಕ್ರಮವದು.

ಆದ್ದರಿಂದ ಟಿ.ವಿ. ಹಾಕಿದ ಮೇಲೆ ಏನಿದೆಯೆಂದು ಹುಡುಕಬೇಡಿ. ಏನು ಬೇಕೆಂದು ನಿಶ್ಚಯಿಸಿ ಟಿ.ವಿ. ಹಾಕಿ. ವಾರದ ಪಟ್ಟಿಯೊಂದನ್ನು ಬರೆದು ಗೋಡೆಗೆ ಅಂಟಿಸಿ. ಪಟ್ಟಿಯಲ್ಲಿದ್ದುದು ಮುಗಿದೊಡನೆ ಟಿ.ವಿ. ಆರಿಸಿ. ಆಗ ಉಳಿಯುವ ಹೊತ್ತು ನಿಮ್ಮದು.