ಭಾಗಿಸಿದರೆ ರೋಧ, ಗುಣಿಸಿದರೆ ಸಾಮರ್ಥ್ಯ

‘ವೋಲ್ಟೇಜು ಕಡಮೆಯಾಗಿದೆ’ ಎಂಬುದು ನಾವೆಲ್ಲರೂ ಆಡುವ ಮಾತು. ಎಷ್ಟು ಕಡಮೆಯಾದರೆ ಎಷ್ಟು ನಷ್ಟ ಎಂದು ಕೇಳಿದರೆ ಮಾತ್ರ ಉತ್ತರ ಅಷ್ಟು ಸುಲಭವಾಗಿ ಹೊರಡುವುದಿಲ್ಲ. ಈ ಲೆಕ್ಕಕ್ಕೆ ಬೇಕಾದ ಸಂಖ್ಯೆಗಳಾದರೋ ಎರಡೇ. ವಿದ್ಯುತ್ತನ್ನು ನೂಕುವ ಒತ್ತಡವನ್ನು ವೋಲ್ಟುಗಳಲ್ಲಿಯೂ, ಹರಿಯುವ ಪ್ರವಾಹವನ್ನು ಆಂಪಿಯರುಗಳಲ್ಲಿಯೂ ಅಳೆಯುತ್ತಾರೆ. ವೋಲ್ಟುಗಳನ್ನು ಆಂಪಿಯರುಗಳಿಂದ ಭಾಗಿಸಿದರೆ ದೊರೆಯುವುದು ರೋಧ. ಅದರ ಮಾನ ಓಮ್. ಎರಡನ್ನೂ ಗುಣಿಸಿದರೆ ದೊರೆಯುವುದು ಸಾಮರ್ಥ್ಯ. ಅದರ ಮಾನ ವಾಟ್.

ಭಾಗಾಕಾರದ ಹಿಂದಿರುವ ನಿಯಮವನ್ನು 1827ರಲ್ಲಿ ಗ್ರಂಥರೂಪದಲ್ಲಿ ಮಂಡಿಸಿದವನು ಜರ್ಮನಿಯ ಗೇಯೋರ್ಗ್ ಓಮ್. ಕೊಲೋನ್ ನಗರದ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದವನು. ಸ್ವದೇಶದಲ್ಲಿ ಆ ಗ್ರಂಥಕ್ಕೆ ದೊರೆತದ್ದು ತಣ್ಣನೆಯ ಸ್ವಾಗತ. ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕವಿತ್ತು ಗೌರವಿಸಿದ್ದು 1841ರಲ್ಲಿ. ಎಣಿಸಿದರೆ ಹದಿನಾಲ್ಕು ವರ್ಷ, ಶ್ರೀರಾಮನ ವನವಾಸದಷ್ಟೇ ಅವಧಿ!

ನೀರು ಕಾಯಿಸುವ ಹೀಟರಿನ ಮೇಲೆ 230 ವೋಲ್ಟ್, 1000 ವಾಟ್ ಎಂದು ಬರೆದಿದೆಯೆನ್ನೋಣ. ಅದರಲ್ಲಿ ಹರಿಯುವ ಪ್ರವಾಹ ಸುಮಾರು 4.35 ಆಂಪಿಯರ್, ರೋಧ 53 ಓಮ್. ಈ ರೋಧ ಸುರುಳಿಯ ಸ್ವಂತ ಗುಣ, ಹೆಚ್ಚುಕಡಮೆ ಹಾಗೆಯೇ ಉಳಿಯುತ್ತದೆ. (ಹಳೆಯ ಬಲ್ಬಿನ ತಂತು ಹೀಗಲ್ಲ, ಕಾದಾಗ ಅದರ ರೋಧ ಬಹುಪಾಲು ಏರುತ್ತದೆ.) ಸಂಜೆಯ ಹೊತ್ತು ಒತ್ತಡ 180 ವೋಲ್ಟಿಗೆ ಇಳಿಯಿತು. ಪ್ರವಾಹವೂ 3.4 ಆಂಪಿಯರಿಗೆ ಇಳಿಯುತ್ತದೆ. ಗುಣಿಸಿ ನೋಡಿ: ಉಳಿದದ್ದು ಸುಮಾರು 610 ವಾಟ್. ವೋಲ್ಟೇಜು ಐದರಲ್ಲಿ ಒಂದು ಪಾಲಿನಷ್ಟು ತಗ್ಗಿದರೆ ಶಾಖ ಎರಡು ಪಾಲಿನಷ್ಟು ತಗ್ಗಿತು. ಗುಣಾಕಾರದ ಎರಡು ಅಂಗಗಳೂ ಒಟ್ಟಿಗೆ ಕುಗ್ಗಿದ್ದರ ಫಲವಿದು.

ಹೀಟರಿನಲ್ಲಿ ನಮಗೆ ಬೇಕಾದ ಈ ಶಾಖವೇ ವಿದ್ಯುತ್ತನ್ನು ಹೊತ್ತುತರುವ ತಂತಿಯಲ್ಲಿ ಬೇಡವಾದದ್ದು. ತಾಮ್ರದ ತಂತಿಗೂ ತನ್ನದೇ ಆದ ರೋಧವುಂಟು. ದೂರ ಹೆಚ್ಚಿದಷ್ಟೂ ಅದೂ ಹೆಚ್ಚುತ್ತದೆ. ಶಿವನಸಮುದ್ರದ ಕಾವೇರಿಯಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಒಯ್ಯಹೊರಟ ಮೈಸೂರು ಸಂಸ್ಥಾನದ ಮುಂದಿದ್ದ ದಾರಿ ಸುಮಾರು 147 ಕಿಲೋಮೀಟರ್. ಅಷ್ಟು ದೂರ ಸಾಗಿದ ಮೇಲೆ ಗಣಿಗೆ ಉಳಿಯುವುದೆಷ್ಟು?

ಒಂದು ಕಲ್ಪಿತ ಲೆಕ್ಕ ಮಾಡೋಣ. ತಂತಿಯ ಒಟ್ಟು ರೋಧ 10 ಓಮ್. ಕಳುಹಿಸಬೇಕಾದದ್ದು ಒಂದು ಲಕ್ಷ ವಾಟ್. 1000 ವೋಲ್ಟಿನಲ್ಲಿ ಕಳುಹಿಸಿದರೆ ಪ್ರವಾಹ 100 ಆಂಪಿಯರ್. ನೂರನ್ನು ಹತ್ತರಿಂದ ಗುಣಿಸಿದರೆ ಸಾವಿರ ವೋಲ್ಟೂ ದಾರಿಯಲ್ಲಿಯೇ ಕರಗಿತು. ತಂತಿ ಕಾದೀತು, ಗಣಿಗೆ ಕಾಸಿನಷ್ಟೂ ಸಿಗದು. 10,000 ವೋಲ್ಟಿನಲ್ಲಿ ಕಳುಹಿಸಿದರೆ ಪ್ರವಾಹ ಬರಿಯ 10 ಆಂಪಿಯರ್. ದಾರಿಯಲ್ಲಿ ಕಳೆಯುವುದು 100 ವೋಲ್ಟ್, ಅಂದರೆ 1000 ವಾಟ್, ನೂರರಲ್ಲಿ ಒಂದು ಪಾಲು. ಒತ್ತಡ ಹತ್ತು ಪಟ್ಟಾದರೆ ನಷ್ಟ ನೂರನೆಯ ಒಂದು ಭಾಗಕ್ಕಿಳಿಯುತ್ತದೆ. ಪರ್ಯಾಯ ವಿದ್ಯುತ್ತಿನ ನಿಜವಾದ ಲೆಕ್ಕ ಇದಕ್ಕಿಂತ ತೊಡಕಿನದು. ತತ್ತ್ವ ಮಾತ್ರ ಇದೇ.

ಆದುದರಿಂದಲೇ ಶಿವನಸಮುದ್ರದಲ್ಲಿ ಪರಿವರ್ತಕಗಳ ಮೂಲಕ ಒತ್ತಡವನ್ನು ಮೂವತ್ತು ಸಾವಿರ ವೋಲ್ಟಿಗೆ ಕಡಮೆಯಿಲ್ಲದಂತೆ ಏರಿಸಿ, ಗಣಿಯ ಬಳಿ ಮತ್ತೆ ಇಳಿಸುವ ಏರ್ಪಾಡಾಯಿತು. 1902ರಲ್ಲಿ ಕೋಲಾರಕ್ಕೆ ವಿದ್ಯುತ್ತು ತಲಪಿದಾಗ, ಯೋಜನೆಗೆ ಬೆನ್ನೆಲುಬಾಗಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಉಳಿದಿರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಆ ಬಳಿಕ, 1905ರಲ್ಲಿ.