ಮಣ್ಣು ಕೇಳದ ಹಸಿರು ಗೂಡು

ನಮ್ಮ ಸಿಂಗಸಂದ್ರದಿಂದ ಹೊಸೂರು ರಸ್ತೆ ಹಿಡಿದು ಎಲೆಕ್ಟ್ರಾನಿಕ್ ಸಿಟಿಗೆ ಇಂಟರ್‌ವ್ಯೂಗೆ ಹೋದವರು ಈ ಗಿಡವನ್ನು ನೋಡಿಯೇ ಇರುತ್ತೀರಿ. ರಿಸೆಪ್ಷನ್ ಸೋಫಾ ಪಕ್ಕದ ಕುಂಡದಲ್ಲಿ ಉದ್ದುದ್ದ ಎಲೆಗಳು ಸುತ್ತಲೂ ಎದ್ದು ನಿಂತು, ನಡುವೆ ಹಕ್ಕಿಗೂಡಿನಂತೆ ಕಾಣುತ್ತದೆ. ನರ್ಸರಿಯವರ ಬಾಯಲ್ಲಿ ಇದು ‘ಬರ್ಡ್ಸ್ ನೆಸ್ಟ್ ಫರ್ನ್’. ಹೂವೂ ಬೀಜವೂ ಇಲ್ಲದ ಜರೀಗಿಡ. ಬಿ.ಇ. ಓದುವ ನನಗೆ ಇದರ ವಿನ್ಯಾಸವೇ ಮೊದಲು ಹಿಡಿಸಿದ್ದು.

ಕಾಡಿನಲ್ಲಿ ಇದು ಮರದ ಮೇಲೆ ಬೆಳೆಯುತ್ತದೆ. ಆದರೆ ಬಂದಳಿಕೆಯಂತೆ ಮರದ ರಸ ಹೀರುವುದಿಲ್ಲ. ಮೇಲಿನಿಂದ ಉದುರುವ ತರಗೆಲೆಗಳನ್ನು ಗೂಡಿನಲ್ಲಿ ಹಿಡಿದು, ಕೊಳೆಸಿ, ತನ್ನ ಗೊಬ್ಬರ ತಾನೇ ಮಾಡಿಕೊಳ್ಳುತ್ತದೆ. ಬೇರುಗಳು ಸ್ಪಂಜಿನಂತೆ ಮಳೆನೀರು ಹಿಡಿದಿಡುತ್ತವೆ. ಬೋರ್ನಿಯೊ ಕಾಡಿನ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ದೊಡ್ಡ ಗೂಡು 200 ಕೆ.ಜಿ.ವರೆಗೂ ತೂಗಬಲ್ಲದು, ಅಂಥ ಒಂದೇ ಗೂಡಿನಲ್ಲಿ ಇರುವ ಹುಳುಹುಪ್ಪಟೆಗಳು, ಮರದ ತಲೆಯ ಉಳಿದೆಲ್ಲ ಭಾಗದಲ್ಲಿ ಇರುವಷ್ಟು ತೂಗಬಹುದು ಎಂದಿತು ಅದು.

ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಇದಕ್ಕೆ ‘ಆಸ್ಪ್ಲೀನಿಯಂ ನೀಡಸ್’ ಎಂದು ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ನೀಡಸ್ ಎಂದರೆ ಗೂಡು. ಬೀಜವಿಲ್ಲದ ಜರಿ ಹುಟ್ಟುವುದು ಹೇಗೆಂಬುದು ಆಗ ಒಗಟಾಗಿತ್ತು. ಎಲೆಯಡಿಯ ಕಂದು ಪುಡಿಯಿಂದಲೇ ಗಿಡ ಬೆಳೆಸಬಹುದೆಂದು ಜಮೈಕಾದಲ್ಲಿದ್ದ ವೈದ್ಯ ಜಾನ್ ಲಿಂಡ್ಸೆ ತೋರಿಸಿದ ವಿವರ ಪ್ರಕಟವಾಗಿದ್ದು 1794ರಲ್ಲಿ.

ಜರಿಗಳ ದೆಸೆ ಬದಲಿಸಿದ್ದು ಗಾಜು. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ 1829ರಲ್ಲಿ ಪತಂಗದ ಕೋಶವೊಂದನ್ನು ಬಾಟಲಿಯಲ್ಲಿ ಮುಚ್ಚಿಟ್ಟರು. ಕಲ್ಲಿದ್ದಲ ಹೊಗೆಗೆ ಹೊರಗೆ ಬದುಕದ ಜರಿ, ಆ ಬಾಟಲಿಯೊಳಗೆ ತಾನಾಗಿ ಚಿಗುರಿತು. ಅದರಿಂದ ಹುಟ್ಟಿದ ಗಾಜಿನ ಪೆಟ್ಟಿಗೆಗಳಲ್ಲಿ ಉಷ್ಣವಲಯದ ಗಿಡಗಳು ಹಡಗೇರಿದವು. ಇಂಗ್ಲೆಂಡಿನಲ್ಲಿ ಜರಿಯ ಹುಚ್ಚು ಹಬ್ಬಿ, 1855ರಲ್ಲಿ ಅದಕ್ಕೆ ‘ಟೆರಿಡೋಮೇನಿಯಾ’ ಎಂಬ ಹೆಸರೂ ಬಂತು. ಕಿತ್ತೊಯ್ದವರ ಆಸೆಗೆ ಅಲ್ಲಿನ ಕಿಲಾರ್ನಿ ಜರಿ ಅಳಿವಿನ ಅಂಚು ತಲುಪಿತು.

ಇತ್ತ ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿ ಬೆಡ್ಡೋಮ್, 1863ರಿಂದ ದಕ್ಷಿಣ ಭಾರತದ ಜರಿಗಳನ್ನು ಚಿತ್ರಸಮೇತ ಪುಸ್ತಕಕ್ಕಿಳಿಸಿದರು. ದಕ್ಷಿಣ ಕನ್ನಡವೂ ಆಗ ಆ ಪ್ರಾಂತ್ಯಕ್ಕೇ ಸೇರಿತ್ತು.

ಇದನ್ನೆಲ್ಲ ಹೇಳಲು ಕಾರಣವಿದೆ. ಗೂಡು ಕಟ್ಟುವ ಜರಿಗಳು ನಮ್ಮ ಪಶ್ಚಿಮಘಟ್ಟದಲ್ಲೂ ಇವೆ. ವೀಕೆಂಡ್ ಟ್ರೆಕ್ಕಿಂಗ್‌ಗೆ ಹೋದಾಗ, ‘ಒಂದು ಕಿತ್ತುಕೊಂಡು ಹೋಗೋಣ, ರೂಮಲ್ಲಿಡೋಣ’ ಅನ್ನಿಸುವುದು ಸಹಜ. ಆದರೆ ಕಿತ್ತರೆ ಬರುವುದು ಒಂದು ಗಿಡವಲ್ಲ, ವರ್ಷಗಟ್ಟಲೆ ಕೂಡಿದ ಗೊಬ್ಬರ, ಅದರೊಳಗಿನ ಸಂಸಾರ ಎಲ್ಲವೂ ಚೆಲ್ಲಿಹೋಗುತ್ತದೆ. ನರ್ಸರಿಗೆ ಬರುವ ಗಿಡಗಳನ್ನು ಆ ಕಂದು ಪುಡಿಯಿಂದಲೋ ಅಂಗಾಂಶ ಕೃಷಿಯಿಂದಲೋ ಬೆಳೆಸಲು ಸಾಧ್ಯ. ಕಾಡು ಮುಟ್ಟುವ ಅಗತ್ಯವೇ ಇಲ್ಲ.

ಪಿಜಿ ಕಿಟಕಿಯ ನೇರ ಬಿಸಿಲು ತಾಗದ ಮೂಲೆ ಇದಕ್ಕೆ ಸಾಕು. ನೀರನ್ನು ಗೂಡಿನ ನಡುವೆ ಸುರಿಯಬೇಡಿ, ಕೊಳೆಯುತ್ತದೆ. ಬುಡದ ಸುತ್ತ ಹಾಕಿ. ಕೊಳ್ಳುವಾಗ ಮಾತ್ರ ಒಂದು ಪ್ರಶ್ನೆ ಕೇಳಿ: ‘ಅಣ್ಣಾ, ಇದು ನೀವೇ ಬೆಳೆಸಿದ್ದಾ, ಕಾಡಿಂದ ತಂದಿದ್ದಾ?’